ಅಮೆರಿಕದ ಕೌಂಟಿ ಫೇರ್‌ನಲ್ಲಿ ಮಕ್ಕಳು ಮತ್ತು ಕಡಸು: ಕನ್ನಡ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಸ್ಕಾನ್ಸಿನ್, ಅಯೋವಾ, ಓಹಾಯೋ, ಟೆಕ್ಸಾಸ್ ಕಡೆಯ ಸಣ್ಣ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಸಹಪಾಠಿಗಳನ್ನು ನೋಡಿ ತಾವೂ ಕೌಂಟಿ ಫೇರ್‌ನಲ್ಲಿ, ಅಂದರೆ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವಾರ್ಷಿಕ ಕೃಷಿ ಜಾತ್ರೆಯಲ್ಲಿ, ದನ ಹಿಡಿದು ಪ್ರದರ್ಶಿಸಬೇಕೆಂದು ಹಟ ಹಿಡಿಯುತ್ತಾರೆ. ಆಗ ತಂದೆ ತಾಯಿಯರಿಗೆ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವುಗಳಿಗೆ ಉತ್ತರ ಇಲ್ಲಿದೆ. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ, ಎಷ್ಟೋ ಸಲ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತವೆ. ಆದ್ದರಿಂದ ನಿಮ್ಮ ಫೇರ್‌ನ ನಿಯಮ ಪುಸ್ತಕ ಒಂದು ಹೇಳಿ ನಾನು ಇನ್ನೊಂದು ಹೇಳಿದ್ದರೆ ಪುಸ್ತಕದ ಮಾತೇ ನಡೆಯುತ್ತದೆ.

ಇದನ್ನು ಯಾರು ನಡೆಸುತ್ತಾರೆ? ನಮ್ಮ ಮಗು ಸೇರಬಹುದೇ?

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಫೋರ್-ಎಚ್ ಎಂಬ ಮಕ್ಕಳ ಸಂಘಟನೆ. 1902ರಲ್ಲಿ ಓಹಾಯೋದ ಕ್ಲಾರ್ಕ್ ಕೌಂಟಿಯಲ್ಲಿ ಹಳ್ಳಿ ಮಕ್ಕಳ ಕೂಟವಾಗಿ ಹುಟ್ಟಿದ್ದನ್ನೇ ಇದರ ಆರಂಭವೆಂದು ಎಣಿಸುತ್ತಾರೆ. 1914ರ ಸ್ಮಿತ್-ಲೀವರ್ ಕಾಯ್ದೆಯ ನಂತರ ಇದು ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಸೇವೆಯ (ಕೃಷಿ ಜ್ಞಾನವನ್ನು ಜನರಿಗೆ ತಲುಪಿಸುವ ವ್ಯವಸ್ಥೆ) ಭಾಗವಾಯಿತು. ಹೆಚ್ಚುಕಡಿಮೆ ಪ್ರತಿ ಕೌಂಟಿಯಲ್ಲೂ ವಿಸ್ತರಣಾ ಕಚೇರಿ ಇರುತ್ತದೆ. ಹೋಗಿ ಕೇಳಿದರೆ ಹತ್ತಿರದ ಕ್ಲಬ್‌ನ ಹೆಸರು ಕೊಡುತ್ತಾರೆ. ಸ್ಪರ್ಧೆಗೆ ಸಾಮಾನ್ಯವಾಗಿ 8ರಿಂದ 18 ವರ್ಷದವರು. ಅದಕ್ಕಿಂತ ಚಿಕ್ಕವರಿಗೆ ಬೇರೆ ಗುಂಪಿದೆ, ಅವರಿಗೆ ರ‍್ಯಾಂಕ್ ಕೊಡುವುದಿಲ್ಲ.

ಎರಡನೆಯದು ಎಫ್‌ಎಫ್‌ಎ ಎಂಬ ಕೃಷಿ ವಿದ್ಯಾರ್ಥಿಗಳ ಸಂಘಟನೆ. 1928ರಲ್ಲಿ ಕನ್ಸಾಸ್ ಸಿಟಿಯಲ್ಲಿ ಶುರುವಾದದ್ದು. ನೀಲಿ ಕಾರ್ಡುರಾಯ್ ಕೋಟು ತೊಟ್ಟ ಮಕ್ಕಳನ್ನು ಕಂಡರೆ ಅವರು ಇದರವರು. ಇದು ಹೈಸ್ಕೂಲಿನ ಕೃಷಿ ತರಗತಿಯ ಜೊತೆ ನಡೆಯುವುದರಿಂದ ಮಗು ಆ ತರಗತಿ ತೆಗೆದುಕೊಂಡಿರಬೇಕು.

ಸೇರಲು ಹುಟ್ಟಿದ ದೇಶ, ಅಪ್ಪ ಅಮ್ಮನ ಕಸುಬು ಯಾವುದೂ ಅಡ್ಡಿಯಲ್ಲ.

ನಮ್ಮದು ಎರಡು ಕಾರಿನ ಗ್ಯಾರೇಜಿರುವ ಮನೆ. ಕೊಟ್ಟಿಗೆ ಎಲ್ಲಿಂದ ತರೋಣ?

ತರಬೇಕಿಲ್ಲ. ಹಾಲಿನ ತಳಿಗಳ ವಿಭಾಗದಲ್ಲಿ ಕಡಸನ್ನು ಲೀಸ್‌ಗೆ ಪಡೆಯುವ ಪದ್ಧತಿ ಅನೇಕ ರಾಜ್ಯಗಳಲ್ಲಿದೆ. ರೈತನ ಕೊಟ್ಟಿಗೆಯಲ್ಲೇ ಪ್ರಾಣಿ ಇರುತ್ತದೆ, ಮಾಲೀಕತ್ವವೂ ಅವನದೇ. ಮಗು ವಾರಕ್ಕೆ ಹಲವು ಸಲ ಅಲ್ಲಿಗೆ ಹೋಗಿ ಮೇವು ಹಾಕುವುದು, ಮೈ ತೊಳೆಯುವುದು, ಸಗಣಿ ಬಾಚುವುದು, ನಡೆಸಿ ಪಳಗಿಸುವುದು ಎಲ್ಲ ಮಾಡುತ್ತದೆ. ಫೇರ್ ಮುಗಿದ ಮೇಲೆ ಕಡಸು ಹಿಂಡಿಗೆ ಮರಳುತ್ತದೆ. ಒಂದೆರಡು ವರ್ಷದಲ್ಲಿ ಕರು ಹಾಕಿ ಹಾಲು ಕೊಡತೊಡಗುತ್ತದೆ. ಕೆಲವು ರೈತರು ಹೆಸರಿಗೊಂದು ಡಾಲರ್ ತೆಗೆದುಕೊಳ್ಳುತ್ತಾರೆ, ಕೆಲವರು ಬೇಸಿಗೆಯಿಡೀ ಮಗು ಮಾಡುವ ಕೆಲಸವನ್ನೇ ಬಾಡಿಗೆಯೆಂದು ಎಣಿಸುತ್ತಾರೆ.

ಮಾತು ಬಾಯಲ್ಲೇ ಉಳಿಯಬಾರದು. ಲೀಸ್ ಪತ್ರವನ್ನು ನಿಗದಿತ ದಿನಾಂಕದೊಳಗೆ ವಿಸ್ತರಣಾ ಕಚೇರಿಗೆ ಕೊಡಬೇಕು. ಹಾಲಿನ ಕಡಸುಗಳಿಗೆ ಈ ಗಡುವು ಬೇಸಿಗೆಗೆ ಮುಂಚೆಯೇ ಮುಗಿಯುವುದುಂಟು. ಜುಲೈನಲ್ಲಿ ಉತ್ಸಾಹ ಬಂದರೆ ಆ ವರ್ಷದ ಮಟ್ಟಿಗೆ ತಡವಾಯಿತೆಂದೇ ತಿಳಿಯಿರಿ.

ನಾವು ಸಸ್ಯಾಹಾರಿಗಳು. ಪ್ರದರ್ಶನವಾದ ಮೇಲೆ ಆ ಪ್ರಾಣಿ ಏನಾಗುತ್ತದೆ?

ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮವರು ಸಂಕೋಚಕ್ಕೆ ಬಿದ್ದು ಇದನ್ನೇ ಕೊನೆಗೆ ಕೇಳುತ್ತಾರೆ.

ದನದ ಪ್ರದರ್ಶನದಲ್ಲಿ ವಿಭಾಗಗಳು ಬೇರೆ ಬೇರೆ. ಹಾಲಿನ ಕಡಸು ಮತ್ತು ತಳಿ ಅಭಿವೃದ್ಧಿಯ ಕಡಸು ಮನೆಗೆ ಹಿಂತಿರುಗುತ್ತವೆ. ಮಾರ್ಕೆಟ್ ಸ್ಟಿಯರ್ ಎಂಬ ವಿಭಾಗದ್ದು ಬೀಜ ಒಡೆದ ಹೋರಿ. ಅದನ್ನು ಸಾಕುವುದೇ ಮಾಂಸಕ್ಕೆ. ಸುಮಾರು ಒಂದೂವರೆ ವರ್ಷದ ಪ್ರಾಯಕ್ಕೆ 1,200ರಿಂದ 1,400 ಪೌಂಡ್ ತೂಗುವಂತೆ ಬೆಳೆಸಿ ಫೇರ್‌ಗೆ ತರುತ್ತಾರೆ, ಕೊನೆಯ ದಿನ ಹರಾಜು ನಡೆಯುತ್ತದೆ, ಅಲ್ಲಿಂದ ಲಾರಿ ನೇರ ಕಸಾಯಿಖಾನೆಗೆ ಹೋಗುತ್ತದೆ. ಇಂಥ ಪ್ರದರ್ಶನವನ್ನು ಟರ್ಮಿನಲ್ ಎನ್ನುತ್ತಾರೆ. ನೋಂದಣಿ ಅರ್ಜಿಗೆ ಸಹಿ ಹಾಕಿದರೆ ಈ ಷರತ್ತಿಗೂ ಒಪ್ಪಿದಂತೆ. ಮಗು ಅತ್ತರೆ ವಾಪಸ್ ತರೋಣ ಎಂಬ ಲೆಕ್ಕಾಚಾರ ನಡೆಯುವುದಿಲ್ಲ.

2022ರಲ್ಲಿ ಕ್ಯಾಲಿಫೋರ್ನಿಯಾದ ಶಾಸ್ತಾ ಡಿಸ್ಟ್ರಿಕ್ಟ್ ಫೇರ್‌ನಲ್ಲಿ ಹೀಗೇ ಒಂದು ಪ್ರಕರಣ ಆಯಿತು. ಅದು ದನವಲ್ಲ, ಆಡು. ಒಂಬತ್ತು ವರ್ಷದ ಹುಡುಗಿ ತಾನು ಸಾಕಿದ ಸೀಡರ್ ಎಂಬ ಆಡನ್ನು ಹರಾಜಿಗೆ ಹಾಕಿದ ಮೇಲೆ ಬಿಟ್ಟುಕೊಡಲಾರದೆ ಹೋದಳು. ತಾಯಿ ಅದನ್ನು ಬೇರೆಡೆಗೆ ಸಾಗಿಸಿ, ನಷ್ಟ ಕಟ್ಟಿಕೊಡುತ್ತೇನೆಂದು ಬರೆದಳು. ಫೇರ್‌ನವರು ಒಪ್ಪಲಿಲ್ಲ. ಶೆರಿಫ್ ಕಚೇರಿಯವರು ನೂರಾರು ಮೈಲಿ ಹೋಗಿ ಆಡನ್ನು ಹಿಡಿದು ತಂದರು, ಅದು ಕಸಾಯಿಖಾನೆ ಸೇರಿತು. ಮುಂದೆ ಮೊಕದ್ದಮೆಯಾಗಿ 2024ರಲ್ಲಿ 3 ಲಕ್ಷ ಡಾಲರ್‌ಗೆ ರಾಜಿಯಾಯಿತು. ಕುಟುಂಬಕ್ಕೆ ಪರಿಹಾರ ಸಿಕ್ಕಿತು, ಆಡು ಸಿಗಲಿಲ್ಲ. ಫೇರ್‌ನವರ ಮೊಂಡುತನ ನನಗೂ ಹಿಡಿಸಲಿಲ್ಲ. ಆದರೂ ಅದಕ್ಕೆ ದಾರಿ ಮಾಡಿಕೊಟ್ಟದ್ದು ಅರ್ಜಿಯಲ್ಲಿ ಒಪ್ಪಿಕೊಂಡಿದ್ದ ಷರತ್ತು.

ಮಾಂಸದ ವಿಭಾಗವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಆ ಊರಿನ ಮಕ್ಕಳು ಎಲ್ಲ ತಿಳಿದೇ ಅದನ್ನು ಮಾಡುತ್ತಾರೆ. ಹರಾಜಿನ ದುಡ್ಡು ಕಾಲೇಜಿಗೆ ಆಗುತ್ತದೆ. ನಿಮ್ಮ ಮನೆಗೆ ಅದು ಒಗ್ಗದಿದ್ದರೆ ಹಾಲಿನ ಕಡಸನ್ನು ಆರಿಸಿ. ಹಾಲಿನ ದನವೂ ಮುದಿಯಾದ ಮೇಲೆ ಇಲ್ಲಿ ಗೋಶಾಲೆಗೆ ಹೋಗುವುದಿಲ್ಲ ಎಂಬುದನ್ನು ಮಾತ್ರ ದೊಡ್ಡ ಮಕ್ಕಳಿಂದ ಮುಚ್ಚಿಡಬೇಡಿ. ಅವರೇ ರೈತನನ್ನು ಕೇಳುತ್ತಾರೆ, ರೈತ ನೇರವಾಗಿ ಹೇಳುತ್ತಾನೆ.

ಯಾವ ತಳಿ ಒಳ್ಳೆಯದು?

ಮೊದಲ ಸಲಕ್ಕೆ ಜೆರ್ಸಿ. ನಮ್ಮ ಡೇರಿ ಸಂಘಗಳಿಗೆ ಹಾಲು ಹಾಕುವ ಮನೆಗಳಲ್ಲೆಲ್ಲ ಗೊತ್ತಿರುವ ತಳಿಯೇ. ಗಾತ್ರ ಚಿಕ್ಕದು, ಕುತೂಹಲ ಜಾಸ್ತಿ, ಮನುಷ್ಯರ ಸಹವಾಸಕ್ಕೆ ಬೇಗ ಒಗ್ಗುತ್ತದೆ. ಎಚ್‌ಎಫ್ ಅಂದರೆ ಹೋಲ್‌ಸ್ಟೀನ್ ಎಲ್ಲೆಡೆ ಸಿಗುತ್ತದೆ, ಆದರೆ ಒಂದೂವರೆ ವರ್ಷದ ಕಡಸು ಹತ್ತು ವರ್ಷದ ಮಗುವನ್ನು ಎಳೆದುಕೊಂಡೇ ಹೋಗಬಲ್ಲದು. ವಯಸ್ಸಿನ ಗುಂಪು ಇರುವುದರಿಂದ ಆ ವರ್ಷದ ಮಾರ್ಚ್ ನಂತರ ಹುಟ್ಟಿದ ಕರುವನ್ನೋ ಅದರ ಹಿಂದಿನ ಚಳಿಗಾಲದಲ್ಲಿ ಹುಟ್ಟಿದ್ದನ್ನೋ ತೆಗೆದುಕೊಳ್ಳಿ. ಮಗುವಿಗಿಂತ ಕರು ತೀರಾ ಬಲವಾಗಿರಬಾರದು, ಅಷ್ಟೇ ಲೆಕ್ಕ.

ಟೆಕ್ಸಾಸ್ ಕಡೆಯಿದ್ದರೆ ಬ್ರಹ್ಮನ್ ತಳಿಯ ಕಿರಿಯರ ವಿಭಾಗವನ್ನು ನೋಡದೆ ಬರಬೇಡಿ. ಹೆಗಲ ಮೇಲಿನ ಡುಬ್ಬ, ಜೋಲುವ ಗಂಗೆದೊಗಲು, ಇಳಿಬಿದ್ದ ಕಿವಿ ಕಂಡಾಗ ಊರಿನ ನೆನಪಾಗುವುದು ಸುಮ್ಮನೆ ಅಲ್ಲ. ಭಾರತದ ಗಿರ್, ಓಂಗೋಲ್, ಕಾಂಕ್ರೇಜ್ ದನಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಅದರಲ್ಲಿ ಸೇರಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎರೆ ಹೊಲ ಉಳುತ್ತಿದ್ದ ದನಗಳವು. ಇಂದು ಕೃಷ್ಣಾ ಕಣಿವೆಯ ಅಪ್ಪಟ ದನ ಅಲ್ಲಿಯೇ ಅಪರೂಪ. ಅಮೆರಿಕದ ಬ್ರಹ್ಮನ್ ಸಾಕಣೆದಾರರ ಸಂಘಕ್ಕೆ ಮಾತ್ರ 2024ಕ್ಕೆ ನೂರು ತುಂಬಿತು.

ನಿಯಮ ಪುಸ್ತಕದಲ್ಲಿ ಏನನ್ನು ಹುಡುಕಬೇಕು?

ದಿನಾಂಕಗಳನ್ನು. ಮಾಲೀಕತ್ವ ಅಥವಾ ಲೀಸ್ ಆರಂಭವಾಗಿರಬೇಕಾದ ದಿನ, ಪ್ರಾಣಿಯ ಗುರುತನ್ನು ದಾಖಲಿಸಬೇಕಾದ ದಿನ, ಫೇರ್‌ಗೆ ಹೆಸರು ಕೊಡುವ ಕೊನೆಯ ದಿನ, ಪ್ರಾಣಿ ಫೇರ್ ಒಳಗೆ ಬರುವ ಹಾಗೂ ಅಲ್ಲಿಂದ ಬಿಡುಗಡೆಯಾಗುವ ಗಂಟೆ. ಮಾಂಸದ ಹೋರಿಗಳನ್ನಂತೂ ಹಿಂದಿನ ಚಳಿಗಾಲದಲ್ಲೇ ತೂಗಿ ಕಿವಿಗೆ ಓಲೆ ಹಾಕಿಸಿರಬೇಕು. ಟೆಕ್ಸಾಸ್‌ನಲ್ಲಿ ಇನ್ನೂ ಮುಂಚೆ. ಫೇರ್‌ಗೆ ವಾರವಿರುವಾಗ ಕೊಂಡ ಪ್ರಾಣಿಯನ್ನು ತಾನೇ ಸಾಕಿದ್ದೆಂದು ತೋರಿಸುವುದನ್ನು ತಡೆಯಲು ಇಷ್ಟೆಲ್ಲ ವ್ಯವಸ್ಥೆ.

ಆಮೇಲೆ ತರಬೇತಿ. ವೈಕ್ಯೂಸಿಎ ಎಂಬ ಪ್ರಮಾಣಪತ್ರವನ್ನು ಅನೇಕ ರಾಜ್ಯಗಳು ಕಡ್ಡಾಯ ಮಾಡಿವೆ. 8ರಿಂದ 21 ವರ್ಷದವರಿಗಾಗಿ ಇರುವ ಇದರಲ್ಲಿ ಆಹಾರ ಸುರಕ್ಷತೆ, ಪ್ರಾಣಿಯ ಕ್ಷೇಮ, ಮಗುವಿನ ಸ್ವಂತ ನಡತೆ ಮೂರನ್ನೂ ಕಲಿಸುತ್ತಾರೆ. ವರ್ಷಕ್ಕೊಮ್ಮೆ ನವೀಕರಿಸಬೇಕು. ಸ್ಪೆಲ್ಲಿಂಗ್ ಬೀ ಗೆಲ್ಲುವ ನಮ್ಮ ಮಕ್ಕಳಿಗೆ ಇದು ಕಷ್ಟವಲ್ಲ, ಆದರೆ ಗಡುವು ಮರೆಯುವ ಅಪ್ಪಂದಿರಿಗೆ ಕಷ್ಟ.

ಆರೋಗ್ಯದ ಕಾಗದಪತ್ರಗಳು ಏನೇನು?

ರಾಜ್ಯದ ಗಡಿ ದಾಟಿ ಹೋಗುವುದಾದರೆ ಪಶುವೈದ್ಯರ ತಪಾಸಣಾ ಪತ್ರ ಬೇಕು. ಸಾಮಾನ್ಯವಾಗಿ ಅದು 30 ದಿನದೊಳಗಿನದಾಗಿರಬೇಕು. ಪ್ರದರ್ಶನಕ್ಕೆಂದು ಗಡಿ ದಾಟುವ ದನ ಎಷ್ಟೇ ವಯಸ್ಸಿನದಿರಲಿ, ಕಿವಿಯಲ್ಲಿ ಅಧಿಕೃತ ಓಲೆ ಇರಬೇಕು. 2024ರ ನವೆಂಬರ್ 5ರಿಂದ ಹೊಸದಾಗಿ ಹಾಕುವ ಓಲೆಗಳು ಕಣ್ಣಿಗೂ ಎಲೆಕ್ಟ್ರಾನಿಕ್ ಯಂತ್ರಕ್ಕೂ ಓದಲು ಬರುವಂಥವೇ ಆಗಿರಬೇಕೆಂದು ಕೇಂದ್ರ ಕೃಷಿ ಇಲಾಖೆ ನಿಯಮ ಮಾಡಿದೆ. ಕೌಂಟಿಯೊಳಗಿನ ಫೇರ್‌ಗೆ ಇದಕ್ಕಿಂತ ಕಡಿಮೆ ಸಾಕಾಗಬಹುದು.

2024ರ ಮಾರ್ಚ್‌ನಲ್ಲಿ ಹಾಲು ಕೊಡುವ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾದ ಮೇಲೆ ನಿಯಮಗಳು ಬಿಗಿಯಾದವು. ಆ ಬೇಸಿಗೆಯಲ್ಲಿ ಮಿನ್ನೆಸೋಟ, ಅಯೋವಾ, ವಿಸ್ಕಾನ್ಸಿನ್ ಮುಂತಾದ ರಾಜ್ಯಗಳು ಕರೆಯುವ ಹಸುಗಳಿಗೆ ಫೇರ್‌ಗೆ ಮುಂಚೆ ಪರೀಕ್ಷೆ ಕಡ್ಡಾಯ ಮಾಡಿದವು. ಇನ್ನೂ ಕರು ಹಾಕದ ಕಡಸನ್ನು ಹಿಡಿದ ಮಕ್ಕಳಿಗೆ ಆ ತಾಪತ್ರಯ ಕಡಿಮೆಯಿತ್ತು. ಪ್ರತಿ ವರ್ಷ ರಾಜ್ಯದ ಪಶುವೈದ್ಯರ ಕಚೇರಿಯ ಹೊಸ ಆದೇಶ ನೋಡಿಕೊಳ್ಳಿ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಕರ್ನಾಟಕದಲ್ಲೂ ದನಗಳ ಜಾತ್ರೆ, ಸಂತೆಗಳಿಗೆ ತಡೆ ಬಿದ್ದದ್ದು ನೆನಪಿರಬಹುದು.

ಇನ್ನೊಂದು ಚಿಕ್ಕ ವಿಷಯ ದೊಡ್ಡ ನಿರಾಸೆ ತರುತ್ತದೆ: ಹುಳುಕಡ್ಡಿ. ಕರುವಿನ ಮುಖದ ಮೇಲೆ, ಕಣ್ಣಿನ ಸುತ್ತ ನಾಣ್ಯದಗಲ ಕೂದಲುದುರಿ ಬೂದು ಹೊಪ್ಪಳೆ ಕಂಡರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಮನುಷ್ಯರಿಗೂ ಅಂಟುತ್ತದೆ. ವಾಸಿಯಾಗಲು ವಾರಗಳು ಬೇಕಾದ್ದರಿಂದ ಮೇ ತಿಂಗಳಲ್ಲೇ ಕಣ್ಣಿಟ್ಟಿರಿ.

ಔಷಧಿ, ಚುಚ್ಚುಮದ್ದಿನ ವಿಷಯದಲ್ಲಿ ಇಷ್ಟೊಂದು ಬಿಗಿ ಏಕೆ?

ಫೇರ್‌ನ ಪ್ರಾಣಿ ಇವತ್ತಲ್ಲ ನಾಳೆ ಯಾರದೋ ತಟ್ಟೆಗೋ ಲೋಟಕ್ಕೋ ಹೋಗುತ್ತದೆ. ಪ್ರತಿ ಔಷಧಿಯ ಚೀಟಿಯ ಮೇಲೂ ಕೊಟ್ಟ ಎಷ್ಟು ದಿನಗಳ ನಂತರ ಹಾಲು ಅಥವಾ ಮಾಂಸ ಬಳಸಬಹುದೆಂದು ಬರೆದಿರುತ್ತದೆ. ಆ ಅವಧಿ ಮುಗಿಯುವ ಮುಂಚೆ ಮಾರಿದರೆ ಅದು ಫೇರ್‌ನ ನಿಯಮವನ್ನು ದಾಟಿ ದೇಶದ ಕಾನೂನಿಗೇ ತಾಗುತ್ತದೆ. 2023ರ ಜೂನ್‌ನಿಂದ ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ ಪ್ರತಿಜೀವಕಗಳು ಜಾನುವಾರುಗಳಿಗೂ ಪಶುವೈದ್ಯರ ಚೀಟಿಯಿಲ್ಲದೆ ಸಿಗುವುದಿಲ್ಲ. ಹಾಗಾಗಿ ಔಷಧಿಯ ಪುಸ್ತಕವನ್ನು ಮಗುವಿನ ಕೈಯಲ್ಲೇ ಬರೆಸಿ: ದಿನ, ಔಷಧಿ, ಪ್ರಮಾಣ, ಕೊಟ್ಟ ಜಾಗ, ಅವಧಿ ಮುಗಿಯುವ ದಿನ.

ಈ ಬಿಗಿಗೆ ಒಂದು ಇತಿಹಾಸವಿದೆ. 1994ರಲ್ಲಿ ಡೆನ್ವರ್‌ನ ನ್ಯಾಷನಲ್ ವೆಸ್ಟರ್ನ್ ಸ್ಟಾಕ್ ಶೋನಲ್ಲಿ ಗ್ರ್ಯಾಂಡ್ ಚಾಂಪಿಯನ್ ಆದ ಹೋರಿಯ ಪರೀಕ್ಷೆಯಲ್ಲಿ ಕ್ಲೆನ್‌ಬ್ಯುಟೆರಾಲ್ ಸಿಕ್ಕಿತು. ಕೊಬ್ಬು ಇಳಿಸಿ ಮಾಂಸಖಂಡ ಉಬ್ಬಿಸುವ ಈ ಔಷಧಿ ಆಹಾರದ ಪ್ರಾಣಿಗಳಿಗೆ ನಿಷಿದ್ಧ. ಅದೇ ವರ್ಷ ಓಹಾಯೋ ರಾಜ್ಯದ ಫೇರ್‌ನಲ್ಲೂ ಹಲವು ಚಾಂಪಿಯನ್ ಪ್ರಾಣಿಗಳ ಪದವಿ ರದ್ದಾಯಿತು. ಮಕ್ಕಳ ಸ್ಪರ್ಧೆಯಲ್ಲಿ ಸಿರಿಂಜು ಹಿಡಿದದ್ದು ಮಕ್ಕಳ ಕೈಯಾಗಿರಲಿಕ್ಕಿಲ್ಲ ಎಂಬುದು ಎಲ್ಲರಿಗೂ ಹೊಳೆಯುವ ಮಾತು. ಫೇರ್‌ಗಳ ಅಂತರರಾಷ್ಟ್ರೀಯ ಸಂಘದ ನೀತಿ ಸಂಹಿತೆಯಲ್ಲಿ ಪ್ರಾಣಿಯ ದೇಹದಲ್ಲಿ ಏನೇ ಸಿಕ್ಕರೂ ಪೂರ್ತಿ ಹೊಣೆ ಪ್ರದರ್ಶಕನದೇ. ಯಾರು ಕೊಟ್ಟರೋ ಗೊತ್ತಿಲ್ಲ ಎಂಬ ಸಮಜಾಯಿಷಿ ಅಲ್ಲಿ ಕೆಲಸಕ್ಕೆ ಬಾರದು.

ಊರಿನಿಂದ ತರಿಸಿದ ಆಯುರ್ವೇದದ ಪುಡಿ, ಬಾಟಲಿ ಯಾವುದನ್ನೂ ಕಡಸಿಗೆ ಕೊಡಬೇಡಿ. ಇಂಥ ಸಲಹೆ ಕೊಡುವ ಹಿರಿಯರು ಪ್ರತಿ ವಾಟ್ಸಾಪ್ ಗುಂಪಿನಲ್ಲೂ ಒಬ್ಬರಿರುತ್ತಾರೆ.

ಪಳಗಿಸುವುದು ಎಷ್ಟು ದಿನದ ಕೆಲಸ?

ಕೆಲವು ತಿಂಗಳ ಕೆಲಸ. ಮೂಗುದಾರ ಇಲ್ಲಿ ಕಡಸಿಗೆ ಹಾಕುವುದಿಲ್ಲ, ತಲೆಗೆ ಹಾಲ್ಟರ್ ಎಂಬ ಪಟ್ಟಿ ಮಾತ್ರ. ಮೊದಲು ಹಗ್ಗದ ಹಾಲ್ಟರ್ ಹಾಕಿ ಸ್ವಲ್ಪ ಹೊತ್ತು ಎತ್ತರಕ್ಕೆ ಕಟ್ಟಿ, ಪಕ್ಕದಲ್ಲೇ ಇದ್ದು ಮೈ ಉಜ್ಜಬೇಕು. ಆಮೇಲೆ ನೀರಿನ ತೊಟ್ಟಿಯವರೆಗೆ ನಡೆಸುವುದು. ಕಡಸು ಎಳೆದರೆ ಹಗ್ಗ ಬಿಗಿಯಾಗಬೇಕು, ಒಂದು ಹೆಜ್ಜೆ ಮುಂದಿಟ್ಟ ಕೂಡಲೇ ಸಡಿಲವಾಗಬೇಕು. ಸಡಿಲ ಬಿಡುವ ಆ ಕ್ಷಣದಿಂದಲೇ ಅದು ಕಲಿಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು ಮಾತ್ರ ಎಂದೂ ಕೂಡದು. ಬೆದರಿ ಓಡಿದರೆ ಬೆರಳು ಹೋಗುತ್ತದೆ.

ರಿಂಗ್‌ನಲ್ಲಿ (ಪ್ರದರ್ಶನದ ಅಂಕಣದಲ್ಲಿ) ನಿಜವಾಗಿ ಏನು ನಡೆಯುತ್ತದೆ?

ಎರಡು ಬಗೆಯ ಸ್ಪರ್ಧೆ ಇರುತ್ತದೆ. ಒಂದರಲ್ಲಿ ಪ್ರಾಣಿಯ ದೇಹಲಕ್ಷಣ ನೋಡುತ್ತಾರೆ: ಬೆನ್ನು ನೇರವೇ, ಕಾಲು ಗೊರಸು ಸರಿಯೇ, ಪಕ್ಕೆಲುಬು ಅಗಲವೇ. ಇನ್ನೊಂದು ಶೋಮನ್‌ಶಿಪ್. ಅಲ್ಲಿ ನೋಡುವುದು ಮಗು ಹಿಡಿಯುವ ರೀತಿಯನ್ನು. ಲೀಸ್‌ಗೆ ತಂದ ಸಾಧಾರಣ ಕಡಸಿನೊಡನೆ ಬಂದವರು ಗೆಲ್ಲಬಹುದಾದದ್ದು ಈ ಎರಡನೆಯದು. ನನಗೆ ಕೇಳಿದರೆ ನೋಡಲು ಯೋಗ್ಯವಾದದ್ದೂ ಇದೇ.

ಹಾಲಿನ ವಿಭಾಗದಲ್ಲಿ ಸಾಮಾನ್ಯವಾಗಿ ಬಿಳಿ ಪ್ಯಾಂಟು, ಬಿಳಿ ಅಂಗಿ. ಮಗು ಎಡಗೈಯಲ್ಲಿ ಚರ್ಮದ ಪಟ್ಟಿಯನ್ನು ಹಾಲ್ಟರ್ ಹತ್ತಿರವೇ ಹಿಡಿದು, ಕಡಸಿಗೆ ಮುಖಮಾಡಿ, ಹಿಂದಕ್ಕೆ ಹೆಜ್ಜೆಯಿಡುತ್ತ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಸಾಗುತ್ತದೆ. ಒಂದು ಕಣ್ಣು ಪ್ರಾಣಿಯ ಮೇಲೆ, ಇನ್ನೊಂದು ತೀರ್ಪುಗಾರರ ಮೇಲೆ. ನಿಲ್ಲು ಎಂದು ಸನ್ನೆಯಾದಾಗ ಮುಂಗಾಲುಗಳು ಜೋಡಿಯಾಗಿರಬೇಕು, ಹಿಂಗಾಲುಗಳಲ್ಲಿ ತೀರ್ಪುಗಾರರ ಕಡೆಯದು ತುಸು ಹಿಂದಿರಬೇಕು. ತೀರ್ಪುಗಾರರು ಸುತ್ತು ಹಾಕಿ ಆಚೆ ಬದಿಗೆ ಹೋದರೆ ಕಾಲು ಅದಲುಬದಲಾಗಬೇಕು. ಹಿಂದೆ ಓಡಿಹೋಗಿ ಕಾಲೆಳೆದು ಇಡುವಂತಿಲ್ಲ. ಭುಜದ ಮೇಲೆ ಬೆರಳೊತ್ತಿ, ಹಾಲ್ಟರನ್ನು ಗುಲಗಂಜಿಯಷ್ಟು ಸರಿಸಿ ಅದನ್ನು ಮಾಡಿಸಬೇಕು. ಚೆನ್ನಾಗಿ ಪಳಗಿದ ಕಡಸು ಕಿವಿ ಅಲ್ಲಾಡಿಸಿ ಅರ್ಧ ಹೆಜ್ಜೆ ಹಿಂದೆ ಸರಿಯುತ್ತದೆ, ನೋಡುವವರಿಗೆ ಏನೂ ಆದಂತೆ ಕಾಣುವುದಿಲ್ಲ.

ಮಾಂಸದ ತಳಿಗಳಲ್ಲಿ ಉದ್ದನೆಯ ಶೋ ಸ್ಟಿಕ್ ಬಳಸುತ್ತಾರೆ. ಅದು ಹೊಡೆಯುವ ಕೋಲಲ್ಲ. ತುದಿಯ ಕೊಕ್ಕೆಯಿಂದ ಗೊರಸಿನ ಸಂದಿಯಲ್ಲಿ ಒತ್ತಿ ಕಾಲನ್ನು ಸರಿಪಡಿಸಲು, ಹೊಟ್ಟೆಯಡಿ ಮೆಲ್ಲಗೆ ಸವರಿ ಶಾಂತಗೊಳಿಸಲು.

ತೀರ್ಪುಗಾರರು ಹತ್ತಿರ ಬಂದು ಕಡಸು ಹುಟ್ಟಿದ ದಿನ ಯಾವುದು, ಏನು ತಿನ್ನುತ್ತದೆ, ಇದರ ದೋಷವೇನು ಎಂದು ಕೇಳುತ್ತಾರೆ. ಕೊನೆಯ ಪ್ರಶ್ನೆಗೆ ದೋಷವೇ ಇಲ್ಲ ಎಂದ ಮಗುವಿಗೆ ಅಂಕ ಹೋಗುತ್ತದೆ. ಕೆಲವೊಮ್ಮೆ ಇಬ್ಬರು ಮಕ್ಕಳ ಪ್ರಾಣಿಗಳನ್ನು ಅದಲುಬದಲು ಮಾಡಿಸುತ್ತಾರೆ. ಯಾರಿಗೆ ದನ ಗೊತ್ತು, ಯಾರಿಗೆ ತಮ್ಮ ದನ ಮಾತ್ರ ಗೊತ್ತು ಎಂಬುದು ಆಗ ಬಯಲಾಗುತ್ತದೆ.

ಅಲಂಕಾರಕ್ಕೆ ಮಿತಿ ಎಲ್ಲಿದೆ?

ತೊಳೆಯುವುದು, ಬಾಚುವುದು, ಬ್ಲೋಯರ್‌ನಿಂದ ಒಣಗಿಸುವುದು, ಕೂದಲು ಕತ್ತರಿಸುವುದು, ಗೊರಸು ಸವರುವುದು ಎಲ್ಲ ಸರಿ. ಚರ್ಮದಡಿ ಎಣ್ಣೆಯೋ ಗಾಳಿಯೋ ತುಂಬುವುದು, ಹೊಟ್ಟೆ ತುಂಬಿ ಕಾಣಲೆಂದು ಕೊಳವೆಯಿಂದ ನೀರು ಹೊಯ್ಯುವುದು, ಕೆಚ್ಚಲಿಗೆ ಏನಾದರೂ ಚುಚ್ಚುವುದು ಬಹುತೇಕ ಎಲ್ಲ ಕಡೆ ನಿಷಿದ್ಧ. ನಡುವೆ ಬೂದು ಜಾಗವಿದೆ: ಕೂದಲು ನಿಲ್ಲಿಸುವ ಅಂಟು, ಬಣ್ಣ. ಒಂದು ಫೇರ್ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಟೆಕ್ಸಾಸ್‌ನ ಕೆಲವು ದೊಡ್ಡ ಪ್ರದರ್ಶನಗಳಲ್ಲಿ ಹೋರಿಯ ಮೈಗೂದಲನ್ನೇ ಪೂರ್ತಿ ತೆಗೆಸುತ್ತಾರೆ, ಜಗಳವೇ ಇಲ್ಲ. ಅರಿಶಿನ, ಕುಂಕುಮ, ಕೊಂಬಿಗೆ ಬಣ್ಣ ಬೇಡ. ಸಂಕ್ರಾಂತಿಗೆ ರೈತ ಒಪ್ಪಿದರೆ ಅವನ ಕೊಟ್ಟಿಗೆಯಲ್ಲಿ ಆರತಿ ಮಾಡಿಕೊಳ್ಳಿ. ಕಿಚ್ಚು ಹಾಯಿಸುವ ಆಸೆ ಮಾತ್ರ ಬಿಟ್ಟುಬಿಡಿ.

ತಂದೆ ತಾಯಿ ಎಷ್ಟು ಸಹಾಯ ಮಾಡಬಹುದು?

ಕಾರು ಓಡಿಸಬಹುದು, ಬಕೆಟ್ ಎತ್ತಬಹುದು, ದುಡ್ಡು ಕೊಡಬಹುದು. ರಿಂಗ್ ಒಳಗೆ ಹೋಗುವಂತಿಲ್ಲ, ಬೇಲಿಯಾಚೆಯಿಂದ ಕೂಗಿ ಹೇಳುವಂತಿಲ್ಲ. ದನಕ್ಕೆ ಕತ್ತರಿ ಹಾಕುವ ಕೆಲಸವನ್ನು ಕುಟುಂಬದವರು ಅಥವಾ ಫೋರ್-ಎಚ್ ಮಕ್ಕಳು ಮಾತ್ರ ಮಾಡಬೇಕು, ಬಾಡಿಗೆಯ ಪರಿಣತರನ್ನು ಕರೆಸಬಾರದು ಎಂಬ ನಿಯಮ ಅನೇಕ ಕಡೆ ಇದೆ. ಇದನ್ನು ಮುರಿಯುವ ಹಣವಂತರೂ ಇದ್ದಾರೆ, ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ದೂರು ಕೊಡುವುದಿಲ್ಲ. ನಿಮ್ಮ ಮಗು ಅದನ್ನು ಗಮನಿಸಿ ಕೇಳಿದಾಗ ಏನು ಹೇಳುತ್ತೀರೆಂದು ಮೊದಲೇ ಯೋಚಿಸಿಟ್ಟುಕೊಳ್ಳಿ.

ರಿಬ್ಬನ್, ಹಣ, ವೀಸಾ?

ಫೋರ್-ಎಚ್‌ನಲ್ಲಿ ಹಲವು ಕಡೆ ಡ್ಯಾನಿಷ್ ಪದ್ಧತಿ ಇದೆ: ಒಬ್ಬರಿಗೊಬ್ಬರನ್ನು ಹೋಲಿಸದೆ ಮಟ್ಟ ನೋಡಿ ನೀಲಿ, ಕೆಂಪು, ಬಿಳಿ ರಿಬ್ಬನ್ ಕೊಡುತ್ತಾರೆ. ಹಾಗಾಗಿ ಹತ್ತು ಮಕ್ಕಳಿಗೂ ನೀಲಿ ಸಿಗಬಹುದು. ಚಾಂಪಿಯನ್‌ಗೆ ನೇರಳೆ. ಲೀಸ್‌ನ ಕಡಸಿಗೆ ಬರುವ ಬಹುಮಾನದ ಹಣ ಪೆಟ್ರೋಲಿಗೂ ಸಾಲದು. 2022ರಲ್ಲಿ ಹ್ಯೂಸ್ಟನ್‌ನ ಚಾಂಪಿಯನ್ ಹೋರಿ 10 ಲಕ್ಷ ಡಾಲರ್‌ಗೆ ಹರಾಜಾದ ಸುದ್ದಿ ಓದಿ ಲೆಕ್ಕ ಹಾಕಬೇಡಿ. ಅದು ಮಕ್ಕಳ ವಿದ್ಯಾಭ್ಯಾಸಕ್ಕೆಂದು ದಾನಿಗಳು ಕೊಡುವ ಬೆಲೆ, ಮಾರುಕಟ್ಟೆಯ ದರವಲ್ಲ.

ಎಚ್-4 ವೀಸಾದ (ಕೆಲಸದ ವೀಸಾದಲ್ಲಿರುವವರ ಅವಲಂಬಿತರಿಗೆ ಕೊಡುವಂಥದ್ದು) ಮಕ್ಕಳಿಗೆ ಸಾಮಾನ್ಯವಾಗಿ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದಿಲ್ಲ, ಹರಾಜಿನ ಚೆಕ್ ಬರೆಯುವವರು ಅದನ್ನು ಕೇಳಬಹುದು. ಹರಾಜಿಗೆ ಹೋಗುವ ಯೋಚನೆಯಿದ್ದರೆ ವಲಸೆ ವಕೀಲರನ್ನು ಮೊದಲು ಕೇಳಿ.

ತೀರ್ಪು ಅನ್ಯಾಯವೆನಿಸಿದರೆ?

ತೀರ್ಪುಗಾರರ ಅಭಿಪ್ರಾಯದ ವಿರುದ್ಧ ದೂರು ಇಲ್ಲ. ನಿಯಮ ಮುರಿದದ್ದರ ವಿರುದ್ಧ ಇದೆ: ಲಿಖಿತವಾಗಿ, ಪುಸ್ತಕ ಹೇಳಿದ ಅವಧಿಯೊಳಗೆ, ಎಷ್ಟೋ ಕಡೆ ಠೇವಣಿ ಇಟ್ಟು. ಫೇಸ್‌ಬುಕ್‌ನಲ್ಲಿ ಬರೆದದ್ದು ದೂರಲ್ಲ.

ನಮ್ಮ ಘಾಟಿಯ ದನಗಳ ಜಾತ್ರೆಗೂ ಇದಕ್ಕೂ ಹೋಲಿಕೆ ಇದೆಯೇ?

ಸ್ವಲ್ಪ ಇದೆ. ಘಾಟಿ ಸುಬ್ರಹ್ಮಣ್ಯದಲ್ಲಿ ಹಳ್ಳಿಕಾರ್ ಜೋಡಿಯನ್ನು ಪೆಂಡಾಲ್ ಹಾಕಿ ಮೆರೆಸುವ ರೈತನ ಹೆಮ್ಮೆಯೂ ಇಲ್ಲಿನ ಕೊಟ್ಟಿಗೆಯ ಮುಂದೆ ಹೆಸರಿನ ಫಲಕ ನೇತುಹಾಕಿದ ಕುಟುಂಬದ ಹೆಮ್ಮೆಯೂ ಒಂದೇ ಜಾತಿಯದು. ಅಲ್ಲಿ ಬಾಯಿ ತೆರೆಸಿ ಹಲ್ಲು ಎಣಿಸಿ ಪ್ರಾಯ ತಿಳಿಯುತ್ತಾರೆ, ಸುಳಿ ನೋಡುತ್ತಾರೆ, ವ್ಯಾಪಾರ ಕುದುರುತ್ತದೆ. ಇಲ್ಲಿ ಪ್ರಾಯಕ್ಕೆ ನೋಂದಣಿ ಪತ್ರ, ಸುಳಿಗೆ ಬೆಲೆಯಿಲ್ಲ. ದೊಡ್ಡ ವ್ಯತ್ಯಾಸ ಹಗ್ಗ ಹಿಡಿದ ಕೈಯದು. ಜಾತ್ರೆಯಲ್ಲಿ ಮಗ ಅಪ್ಪನ ಜೊತೆಗೆ ಬಂದಿರುತ್ತಾನೆ. ಫೇರ್‌ನಲ್ಲಿ ಅಪ್ಪ ಮಗಳ ಜೊತೆಗೆ ಬಂದಿರುತ್ತಾನೆ. ಹಗ್ಗ ಹಿಡಿದ ಹುಡುಗಿಯರು ಇಲ್ಲಿ ಬೇಕಾದಷ್ಟು. ಘಾಟಿಯಲ್ಲಿಯೂ ಮಕ್ಕಳಿಗೊಂದು ವಿಭಾಗ ಇಟ್ಟರೆ ನೋಡಲು ನಾನಂತೂ ಹೋಗುತ್ತೇನೆ.

ಊರಿನಿಂದ ಅಜ್ಜ ಅಜ್ಜಿ ಬಂದಿದ್ದಾರೆ. ಸುಮ್ಮನೆ ನೋಡಲು ಹೋಗಬಹುದೇ?

ಖಂಡಿತ ಹೋಗಿ. ಫೇರ್‌ನ ವೇಳಾಪಟ್ಟಿಯಲ್ಲಿ ಹಾಲಿನ ದನಗಳ ಶೋಮನ್‌ಶಿಪ್ ಯಾವ ಬೆಳಿಗ್ಗೆ ಎಂದು ನೋಡಿಕೊಂಡು ಬೇಗ ಹೊರಡಿ, ಮಧ್ಯಾಹ್ನ ಬಿಸಿಲು ತಡೆಯಲಾಗದು. ಕೊಟ್ಟಿಗೆಯ ಸಾಲಿನಲ್ಲಿ ನಡೆಯುವಾಗ ದನದ ಹಿಂದಿನಿಂದ ಹೋಗಬೇಡಿ, ಕೇಳದೆ ಮುಟ್ಟಬೇಡಿ, ತಿಂಡಿ ಕೊಡಬೇಡಿ. ಅಜ್ಜನಿಗೆ ದನ ಸಾಕಿ ಗೊತ್ತಿದ್ದರೆ ಅಲ್ಲಿ ಕುಳಿತ ಮಕ್ಕಳನ್ನು ಮಾತಾಡಿಸಲಿ, ಭಾಷೆಗೆ ನೀವು ನಡುವೆ ನಿಲ್ಲಿ. ಹೊರಬರುವಾಗ ಎಲ್ಲರೂ ಸೋಪು ಹಾಕಿ ಕೈ ತೊಳೆಯಿರಿ, ಐಸ್‌ಕ್ರೀಮ್ ಆಮೇಲೆ.